ಷಡ್ಡಕನ ಸೀಟು

ಸುದ್ದಿ ಬಂದಾಗ ದಿಂಬು ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದ. ತುತ್ತು ತಟ್ಟೆ ಬಿಟ್ಟಿತ್ತು, ಬಾಯಿ ಸೇರಿರಲಿಲ್ಲ.

"ಈ ಬೇಸಿಗೇಲಿ ದೊಡ್ಡ ಅಳಿಯಂದ್ರು ಯುರೋಪಿಗೆ ಹೊರಟಿದ್ದಾರೆ. ಬೈಕಲ್ಲಿ!" ಅಂದರು ಅತ್ತೆ. ಬೈಕು ಅನ್ನುವ ಮಾತನ್ನು ಪಲ್ಲಕ್ಕಿ ಅನ್ನುವ ಹಾಗೆ ಹೇಳಿದರು. ಇದೇ ಅತ್ತೆ, ದಿಂಬು ಮೊದಲ ಸಲ ಈ ಮನೆಗೆ ಬೈಕಿನಲ್ಲಿ ಬಂದಿಳಿದಾಗ, "ಯಾಕಪ್ಪಾ, ಬಸ್ಸು ಸಿಗಲಿಲ್ವಾ?" ಎಂದು ಮರುಕದಿಂದ ಕೇಳಿದ್ದರು.

ತುತ್ತು ಬಾಯಿ ಸೇರಿತು, ಗಂಟಲಲ್ಲಿ ನಿಂತಿತು. ಹೆಂಡತಿ ನೀರಿನ ಲೋಟ ಮುಂದೆ ತಳ್ಳಿದಳು.

ದೊಡ್ಡ ಅಳಿಯ ಅಂದರೆ ಹೆಂಡತಿಯ ಅಕ್ಕನ ಗಂಡ, ದಿಂಬುವಿಗೆ ಷಡ್ಡಕ. ಅಣ್ಣತಮ್ಮಂದಿರು ಮುನಿಸಿಕೊಳ್ಳಲು ಆಸ್ತಿಯಾದರೂ ಇರಬೇಕು. ಷಡ್ಡಕರಿಗೆ ಅದೂ ಬೇಡ. ಮಾವನ ಮನೆಯ ಎರಡು ಕುರ್ಚಿಗಳಲ್ಲಿ ಕೈಯಿರುವುದು ಯಾರ ಪಾಲಿಗೆ ಬಂತು ಅನ್ನುವುದೇ ಸಾಕು. ಕೈಯಿರುವ ಕುರ್ಚಿ ಯಾವಾಗಲೂ ದೊಡ್ಡ ಅಳಿಯನದು. ಅವನು ವಿಮಾ ಕಚೇರಿಯಲ್ಲಿ ಅಧಿಕಾರಿ. ಅಪಘಾತವಾದ ಗಾಡಿಗಳ ಫೋಟೋ ನೋಡಿ ನೋಡಿ, ಸೈಕಲ್ ಬೆಲ್ಲಿಗೂ ಬೆಚ್ಚಿ ಪಕ್ಕಕ್ಕೆ ಸರಿಯುತ್ತಿದ್ದ ಮನುಷ್ಯ. ಹೋದ ವರ್ಷ ತಲೆಗೆ ಏನು ಹೊಕ್ಕಿತೋ, ಆನೆಮರಿಯಂಥ ಬೈಕು ಕೊಂಡ. ಈಗ ಆಫೀಸಿನ ಇಬ್ಬರ ಜೊತೆ ಸೇರಿ ಗಾಡಿಗಳನ್ನು ಹಡಗಿನಲ್ಲಿ ಮುಂದೆ ಕಳಿಸಿ, ತಾವು ವಿಮಾನದಲ್ಲಿ ಹಿಂದಿನಿಂದ ಹೋಗುವುದಂತೆ.

"ಎಲ್ಲಾ ನಮ್ಮ ದಿಂಬು ಪ್ಲಾನೇ ಅತ್ತೆ," ಅಂದ ಎದುರಿಗೇ ಊಟಕ್ಕೆ ಕೂತಿದ್ದ ಷಡ್ಡಕ, ಧಾರಾಳವಾಗಿ. "ಅವನ ಅಂಗಡಿ ಗೋಡೆ ಮೇಲೆ ಮ್ಯಾಪ್ ಇದೆಯಲ್ಲ, ಅದನ್ನೇ ಹಿಡ್ಕೊಂಡು ಹೋಗೋದು. ಅವನು ಹೇಗಿದ್ರೂ..."

ಅಲ್ಲಿಗೆ ನಿಲ್ಲಿಸಿದ. ಮುಂದಿನ ಮಾತನ್ನು ಪೂರ್ತಿ ಮಾಡುವ ಕಷ್ಟ ಯಾರಿಗೂ ಬೇಕಾಗಲಿಲ್ಲ. "ಹೋಗಲ್ಲವಲ್ಲ" ಅನ್ನುವುದು ತಟ್ಟೆ, ಲೋಟ, ಫ್ಯಾನು ಎಲ್ಲಕ್ಕೂ ಕೇಳಿಸಿತು.

"ಒಳ್ಳೇದಾಯ್ತಲ್ಲ ಅಣ್ಣ," ಅಂದ ದಿಂಬು. ನಗು ತರಿಸಿಕೊಂಡ. ಆ ನಗು ಹೇಗಿತ್ತು ಅಂದರೆ, ಅತ್ತೆ "ಖಾರ ಆಯ್ತಾ?" ಎಂದು ಕೇಳಿದರು.

*

ದಿಂಬು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೈಕಿನ ಸೀಟು ಹೊಲಿಯುವ ಅಂಗಡಿಗೆ ಸೇರಿದ ಹೊಸತರಲ್ಲಿ, ಸೀಟು ಎಂದು ಅವನು ಮೊಟ್ಟಮೊದಲು ಮಾಡಿಕೊಟ್ಟ ವಸ್ತುವನ್ನು ಯಜಮಾನರು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ತಲೆ ಕೆಳಗೆ ಇಟ್ಕೊಂಡು ಮಲಗಬಹುದು ಕಣೋ, ಕೂರೋಕಾಗಲ್ಲ," ಅಂದಿದ್ದರು. ಅವತ್ತಿನಿಂದ ದಿಂಬು. ಈಗ ಊರಿನಲ್ಲಿ ಅವನಷ್ಟು ಚೆನ್ನಾಗಿ ಸೀಟು ಕೊಯ್ಯುವವರು ಇನ್ನೊಬ್ಬರಿಲ್ಲ. ಇದನ್ನು ಬೇರೆಯವರು ಹೇಳಲಿ ಎಂದು ಬಹಳ ದಿನ ಕಾದು, ಕೊನೆಗೆ ಅವನೇ ಹೇಳಿಕೊಳ್ಳತೊಡಗಿದ್ದ.

ಅಂಗಡಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಮುಂದಿನ ಕೋಣೆಯಲ್ಲಿ ರೆಕ್ಸಿನ್ ಸುರುಳಿಗಳು, ಮದುವೆಮನೆಯ ನೆಂಟರ ಹಾಗೆ ಒಂದಕ್ಕೊಂದು ಒರಗಿ ನಿಂತಿರುತ್ತಿದ್ದವು. ಹಿಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು, ಅಂಟಿನ ವಾಸನೆ, ಫೋಮಿನ ಪುಡಿ. ಮಧ್ಯಾಹ್ನದ ಹೊತ್ತಿಗೆ ಆ ಪುಡಿ ಹುಬ್ಬು ಮೀಸೆಯ ಮೇಲೆ ಕೂತು, ದಿಂಬುವಿಗೆ ಊಟದ ಮುಂಚೆ ಒಂದು ಮುಪ್ಪು, ಮುಖ ತೊಳೆದ ಮೇಲೆ ಮತ್ತೆ ಯೌವನ.

ಕಂಪನಿಯಿಂದ ಬರುವ ಸೀಟು ಎಲ್ಲರಿಗೂ ಮಾಡಿದ್ದು, ಅಂದರೆ ಯಾರಿಗೂ ಮಾಡಿದ್ದಲ್ಲ. ಊರೂರು ದಾಟುವವರು ಇಲ್ಲಿಗೆ ಬಂದು ತಮ್ಮ ಮೈಗೆ ತಕ್ಕ ಸೀಟು ಮಾಡಿಸಿಕೊಳ್ಳುತ್ತಿದ್ದರು. ಮೇಲಿನ ರೆಕ್ಸಿನ್ ಕಿತ್ತು, ಹೊಸ ಫೋಮು ಏರಿಸಿ, ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಸವಾರನನ್ನು ಬೋಳು ಫೋಮಿನ ಮೇಲೆ ಕೂರಿಸುವುದು. ಆಮೇಲೆ ಕಾಯುವುದು. ಯಜಮಾನರದು ಒಂದೇ ಕಟ್ಟಪ್ಪಣೆ: "ಕೂತೋರು ಬೈಯೋಕೆ ಶುರು ಮಾಡೋವರೆಗೂ ಚಾಕು ಮುಟ್ಟಬಾರದು." ಮೊದಮೊದಲು ಎಲ್ಲರೂ ಸೂಪರ್ ಅನ್ನುತ್ತಾರೆ. ಅದು ಬಾಯಿ ಹೇಳುವ ಮಾತು. ಸುಮಾರು ಹೊತ್ತು ಕಳೆದ ಮೇಲೆ ಮೈ ಮಾತಾಡತೊಡಗುತ್ತದೆ. ಎಲ್ಲಿ ನೋಯುತ್ತದೋ ಅಲ್ಲಿ ಸೀಮೆಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಇಳಿಸಿ, ಕೊಯ್ದು, ಮತ್ತೆ ಕೂರಿಸಬೇಕು.

ಇಡೀ ಮಧ್ಯಾಹ್ನ ನಿಂತ ಬೈಕಿನ ಮೇಲೆ ಕೂತವರು ಏನು ಮಾಡಿಯಾರು? ಮಾತಾಡುತ್ತಾರೆ. ಹೀಗೆ ಯುರೋಪು ಖಂಡ ತುಂಡುತುಂಡಾಗಿ ದಿಂಬುವಿನ ಕಿವಿಗೆ ಬಿದ್ದಿತ್ತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಕೂತಲ್ಲೇ ಆಲ್ಪ್ಸ್ ಹತ್ತಿಳಿದು, "ಜೂನ್ ಅರ್ಧ ಕಳೀದೆ ಮೇಲಿನ ಘಾಟಿಗಳ ಹತ್ರ ಹೋಗಬೇಡ ಮರಿ, ಹಿಮ ದಾರಿ ಬಿಟ್ಟಿರಲ್ಲ," ಅಂದಿದ್ದರು. ಹೆದ್ದಾರಿಗೆ ಹತ್ತುವ ಮುಂಚೆ ಸ್ವಿಟ್ಜರ್ಲೆಂಡಿನಲ್ಲಿ ಚೀಟಿ ಕೊಂಡು ಗಾಡಿಗೆ ಅಂಟಿಸಬೇಕೆಂದು, ಇಟಲಿಯ ಹಳೇ ಪೇಟೆಗಳೊಳಗೆ ಸಿಕ್ಕ ಹಾಗೆ ನುಗ್ಗಿದರೆ ದಂಡದ ಕಾಗದ ಮನೆಬಾಗಿಲಿಗೇ ಬರುತ್ತದೆಂದು ಇನ್ನೊಬ್ಬರು ಹೇಳಿದ್ದರು. ಗಂಡ ಹೆಂಡತಿ ಜೋಡಿಯೊಂದು ಮುಂದಿನ ಸೀಟಿನಲ್ಲೂ ಹಿಂದಿನ ಸೀಟಿನಲ್ಲೂ ಕೂತು, ತಾವು ಜಗಳವಾಡಿದ್ದು ಯಾವ ಊರಿನಲ್ಲಿ ಎಂಬುದರ ಬಗ್ಗೆ ಮತ್ತೆ ಜಗಳವಾಡಿತ್ತು. "ಮಳೆ ಬಂದ ಮೇಲೆ ಕೋಟು ಹಾಕೋನು ಪ್ರವಾಸಿ, ಬರೋ ಮುಂಚೆ ಹಾಕೋನು ಸವಾರ," ಎಂದು ಇಳಿಯುವಾಗ ಆ ಹೆಂಗಸು ಗಂಡನಿಗೆ ಕೇಳುವ ಹಾಗೆ ಹೇಳಿದ್ದಳು.

ಇಷ್ಟನ್ನೂ ದಿಂಬು ಗೋಡೆಗೆ ಏರಿಸಿದ್ದ. ಮೆಷಿನ್ನಿನ ಎದುರು ಗೋಡೆಯಗಲ ಮ್ಯಾಪು. ಅದರ ಮೇಲೆ ಸೀಟು ಹೊಲಿಯುವ ಕೆಂಪು ನೈಲಾನ್ ದಾರ, ತಿರುವು ತಿರುವಿಗೂ ಸ್ಟೇಪಲ್ ಪಿನ್ನು. ಪ್ರತಿ ಬೇಸಿಗೆಗೆ ಮುಂಚೆ, ಈ ಸಲ ಹೊರಟೇಬಿಡುವುದು ಎಂದು ಅವನು ಹೊಸ ತಿರುವೊಂದನ್ನು ಸೇರಿಸುತ್ತಿದ್ದ. ಆದರೆ ಬೇಸಿಗೆ ಬಂತೆಂದರೆ ಊರಿನ ಸವಾರರೆಲ್ಲ ಹೊರಡುವವರೇ, ಎಲ್ಲರಿಗೂ ಅದಕ್ಕೆ ಮುಂಚೆ ಸೀಟು ಬೇಕು. ಹೊರಡಿಸುವವನೇ ಹೊರಟರೆ ಹೇಗೆ? ಅದೂ ಅಲ್ಲದೆ ಅವನ ಸ್ವಂತ ಬೈಕು ಮೇಲ್ಸೇತುವೆ ಕಂಡರೇ ಕೆಮ್ಮುತ್ತಿತ್ತು. ದಾರ ಉದ್ದವಾಗುತ್ತ ಹೋಯಿತು, ಸವಾರ ಮೆಷಿನ್ನು ಬಿಟ್ಟು ಏಳಲಿಲ್ಲ.

ಇಷ್ಟರಲ್ಲಿ ಒಂದು ತಿರುವು ಮಾತ್ರ ಬೇರೆ ಥರದ್ದು. ಅದನ್ನು ಕೊಟ್ಟವರು ಹಲ್ಲಿನ ಡಾಕ್ಟರಮ್ಮ. ಒಬ್ಬರೇ ಗಾಡಿ ಓಡಿಸಿಕೊಂಡು ಎಲ್ಲೆಲ್ಲೋ ಹೋಗಿ ಬರುವ, ಕೂತರೆ ಬೈಯುವುದಕ್ಕೂ ತಡಮಾಡುವ ಹೆಂಗಸು. ಅವರ ಸೀಟು ಕೊಯ್ಯುವಾಗ ಸಂಜೆಯಾಗಿತ್ತು. ಮ್ಯಾಪಿನ ಮೇಲೆ ಬೆರಳಿಟ್ಟು, "ಇಲ್ಲಿ ದಾರಿ ಕವಲೊಡೆಯುತ್ತೆ. ಎಲ್ಲರೂ ಬಲಕ್ಕೆ ಹೋಗ್ತಾರೆ, ಅದೂ ಚೆನ್ನಾಗಿದೆ. ನೀನು ಎಡಕ್ಕೆ ಹೋಗು," ಅಂದಿದ್ದರು. "ಕೂದಲೆಳೆ ರಸ್ತೆ. ಮೇಲೆ ಹೋದ್ರೆ ಒಂದು ಕಲ್ಲುಬೆಂಚು, ಅಲ್ಲಿಗೆ ದಾರಿ ಮುಗೀತು. ಕೆಳಗೆ ಎರಡು ಸರೋವರ, ಒಂದಕ್ಕೆ ಬಿಸಿಲು ಬಿದ್ದಿರುತ್ತೆ, ಇನ್ನೊಂದಕ್ಕೆ ಮೋಡದ ನೆರಳು. ಯಾರೂ ಇರಲ್ಲ. ನಾನು ಅಲ್ಲಿ ಕೂತು ಅತ್ತುಬಿಟ್ಟೆ ಕಣಪ್ಪ, ಯಾಕೆ ಅಂತ ಕೇಳಬೇಡ. ಯಾರಿಗೂ ಹೇಳಿಲ್ಲ, ನೀನು ಹೋಗ್ತೀಯ ಅಂತ ಹೇಳ್ತಿದೀನಿ."

ನೀನು ಹೋಗ್ತೀಯ. ಅಷ್ಟು ಖಾತ್ರಿಯಾಗಿ ಅವನ ಬಗ್ಗೆ ಬೇರೆ ಯಾರೂ ಏನನ್ನೂ ಹೇಳಿರಲಿಲ್ಲ.

*

ಅವತ್ತು ಅತ್ತೆಯ ಮನೆಯಿಂದ ವಾಪಸು ಬರುವಾಗ ಹೆಂಡತಿ ಬೈಕಿನ ಹಿಂದಿನಿಂದ ಕೇಳಿದಳು. "ಹೊಟ್ಟೆ ಉರೀತಿದೆಯಾ?"

"ನಂಗ್ಯಾಕೆ ಉರಿಯುತ್ತೆ?"

"ಇಲ್ಲ, ನಿನ್ನ ಬೆನ್ನಿಂದ್ಲೇ ಬಿಸಿ ತಾಗ್ತಿದೆ, ಅದಕ್ಕೆ ಕೇಳ್ದೆ."

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಚೀಟಿ ನೋಡುವ ಮೊದಲೇ ರೋಗ ಹೇಳುತ್ತಿದ್ದಳು.

ಉರಿ ಏನೆಂದು ದಿಂಬು ತನ್ನಷ್ಟಕ್ಕೆ ವಿಚಾರಿಸಿ ನೋಡಿದ. ಷಡ್ಡಕನಿಗೆ ದೊಡ್ಡ ಬೈಕಿದೆ, ಇರಲಿ. ಕೈಯಿರುವ ಕುರ್ಚಿಯಿದೆ, ಕೂರಲಿ. ಆದರೆ ಯುರೋಪು? ಅದು ದಿಂಬು ತನ್ನ ಕೈಯಾರೆ ತುತ್ತು ಮಾಡಿ, ತಟ್ಟೆಯ ಅಂಚಿನಲ್ಲಿ ಕೊನೆಗೆಂದು ಎತ್ತಿಟ್ಟುಕೊಂಡಿದ್ದು. ಇನ್ನು ಷಡ್ಡಕ ಹೋಗಿ ಬಂದು ಆ ತಿರುವು ಹಾಗೆ, ಈ ಊರು ಹೀಗೆ ಎಂದು ಕೈಯಿರುವ ಕುರ್ಚಿಯಲ್ಲಿ ಕೂತು ಹೇಳುತ್ತಾನೆ. ಆಮೇಲೆ ದಿಂಬು ಯಾವತ್ತು ಹೋದರೂ ಅದು ಎಂಜಲು. ಇಡೀ ಖಂಡ ಎಂಜಲು!

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಎರಡು ದಿನ ಬಿಟ್ಟು ಷಡ್ಡಕ ಗಾಡಿ ತಂದ. ಸೀಟೂ ಆಗಬೇಕು, ಸಲಹೆಯೂ ಬೇಕು. ದಿಂಬು ಮುಂಚೆಯೇ ನಿರ್ಧಾರ ಮಾಡಿಕೊಂಡಿದ್ದ: ಏನು ಕೇಳಿದರೂ ಹೂಂ, ಉಹೂಂ, ಅಷ್ಟೇ. ಆದರೆ ಹೊಟ್ಟೆಕಿಚ್ಚಿಗಿಂತ ದೊಡ್ಡ ರೋಗ ಒಂದು ಅವನಿಗಿತ್ತು, ತಿಳಿದದ್ದನ್ನು ಹೇಳದೆ ಇರಲಾಗದ ರೋಗ. ಷಡ್ಡಕ ಮ್ಯಾಪಿನತ್ತ ನೋಡಿ, "ಜೂನ್ ಮೊದಲ ವಾರಾನೇ ಈ ಬೆಟ್ಟ ದಾಟಿಬಿಡೋಣ ಅಂತ," ಅಂದದ್ದೇ ತಡ, ದಿಂಬು ಎದ್ದು ನಿಂತ.

"ಅಯ್ಯೋ, ಬೇಡಣ್ಣ! ಮೊದಲು ಕೆಳಗಿನ ಊರು ಮುಗಿಸ್ಕೊಳಿ, ಬೆಟ್ಟ ಆಮೇಲೆ. ದಿನಕ್ಕೆ ಜಾಸ್ತಿ ದೂರ ಇಟ್ಕೋಬೇಡಿ, ಬೆಟ್ಟದಲ್ಲಿ ನೂರು ಕಿಲೋಮೀಟರ್ ಅಂದ್ರೆ ಕೆಳಗಿನ ಇನ್ನೂರಕ್ಕೆ ಸಮ. ಜರ್ಮನೀಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ, ಶನಿವಾರಾನೇ ತಿನ್ನೋಕೆ ತಗೊಂಡಿಟ್ಕೊಳಿ. ಕಿವಿಗೆ ಹತ್ತಿ ಗಿತ್ತಿ ಅಲ್ಲ, ಒಳ್ಳೆ ಬಿರಡೆ ಹಾಕ್ಕೊಳಿ, ಗಾಳಿ ಸದ್ದಿಗೇ ಅರ್ಧ ಸುಸ್ತಾಗೋದು. ಮತ್ತೆ ಮಳೆಕೋಟು..."

ಹೇಳುತ್ತ ಹೇಳುತ್ತ ಅವನ ಮುಖ ಬೆಳಗಿತು, ಕೈ ಗಾಳಿಯಲ್ಲಿ ತಿರುವು ತೆಗೆದುಕೊಂಡಿತು. ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ. ಖಜಾನೆಯ ಕಳ್ಳನಿಗೆ ದೀಪ ಹಿಡಿದದ್ದೂ ಅಲ್ಲದೆ, ಎಣಿಸಿಯೂ ಕೊಟ್ಟಂತಾಗಿತ್ತು.

"ಇರು, ಇದರ ಫೋಟೋ ತಗೋತೀನಿ," ಎಂದು ಷಡ್ಡಕ ಫೋನು ತೆಗೆಯುವಷ್ಟರಲ್ಲಿ ದಿಂಬುವಿಗೆ ಆ ಕವಲು ಕಂಡಿತು. ಕೆಂಪು ದಾರ ಅಲ್ಲಿ ಎಡಕ್ಕೆ ಹೊರಳಿ ಬೆಂಚಿನವರೆಗೂ ಹೋಗಿತ್ತು.

"ಸ್ವಲ್ಪ ತಡೀರಿ, ಧೂಳಿದೆ, ಒರೆಸ್ತೀನಿ." ಬಟ್ಟೆ ತಂದ. ಬೆನ್ನು ಅಡ್ಡ ಹಿಡಿದು, ಒರೆಸುವ ನೆಪದಲ್ಲಿ ಉಗುರಿನಿಂದ ಪಿನ್ನು ಎಬ್ಬಿಸಿ, ದಾರವನ್ನು ಎಡದಿಂದ ಕಿತ್ತು ಬಲಕ್ಕೆ ಒತ್ತಿದ. "ಈಗ ತೆಗೀರಿ."

ಒಂದು ತುತ್ತಾದರೂ ಉಳಿಯಿತು.

*

ಇನ್ನು ಸೀಟು. ಷಡ್ಡಕ ಬೋಳು ಫೋಮಿನ ಮೇಲೆ ಕೂತ. ಕೂತದ್ದೇ ಫೋನು ಬಂತು. ಮಾತಾಡಿದ. ಇಟ್ಟ. ಇನ್ನೊಂದು ಬಂತು. "ಸೂಪರಾಗಿದೆ ದಿಂಬು, ಕೊಯ್ದುಬಿಡು," ಎಂದು ಇಳಿದ.

"ಇನ್ನೂ ಬೈಲೇ ಇಲ್ವಲ್ಲ ಅಣ್ಣ ನೀವು."

"ನಿನಗ್ಯಾಕೋ ಬೈಲಿ? ನೋಡು, ನಂದೂ ನಿಂದೂ ಎತ್ತರ ಒಂದೇ, ತೂಕ ಒಂದೇ. ಅತ್ತೆ ಇಬ್ಬರಿಗೂ ಒಂದೇ ಅಳತೆ ಶರ್ಟು ತರಲ್ವಾ? ನೀನೇ ಕೂತು ನೋಡಿ ಮಾಡು. ನಂಗೆ ಆಫೀಸಿದೆ."

ಅತ್ತೆ ಶರ್ಟು ತರುತ್ತಿದ್ದದ್ದು ನಿಜ. ಮೊದಲು ಆರಿಸಿಕೊಳ್ಳುವವನು ಯಾರೆಂಬುದು ಬೇರೆ ಮಾತು.

ಹೀಗೆ ದಿಂಬು ಷಡ್ಡಕನ ಗಾಡಿಯ ಮೇಲೆ ಕೂತ. ಸ್ಟ್ಯಾಂಡಿನ ಮೇಲಿದ್ದ ಗಾಡಿ, ಎದುರಿಗೆ ಮ್ಯಾಪು. ಮೊದಲು ಕೆಲಸವೆಂದೇ ಕೂತ. ಬರಬರುತ್ತ ಕೈ ಹ್ಯಾಂಡಲಿಗೆ ಹೋಯಿತು, ಕಾಲು ಗೇರಿಗೆ ಹೋಯಿತು. ಒಂದು ಮಧ್ಯಾಹ್ನ ಕಣ್ಣು ಅರೆಮುಚ್ಚಿ ಬೆಟ್ಟದ ತಿರುವೊಂದಕ್ಕೆ ಮೈ ವಾಲಿಸುತ್ತಿದ್ದಾಗ ಯಜಮಾನರು ಬಾಗಿಲಲ್ಲಿ ನಿಂತು, "ಎಲ್ಲಿದ್ದೀಯಪ್ಪಾ?" ಎಂದು ಕೇಳಿದರು. "ಆಸ್ಟ್ರಿಯಾ," ಅಂದುಬಿಟ್ಟ ದಿಂಬು. "ಬರುವಾಗ ಹಾಗೇ ಅಂಟಿನ ಡಬ್ಬಿ ತಗೊಂಡು ಬಾ," ಅಂದರು ಅವರು.

ನೋವು ಹುಟ್ಟಿದಲ್ಲಿ ಗುರುತು ಹಾಕಿದ, ಇಳಿದು ಕೊಯ್ದ, ಮತ್ತೆ ಕೂತ. ಗಾಡಿ ತನ್ನದಲ್ಲ, ದಾರಿ ತನ್ನದಾಗಿ ಉಳಿಯುವುದಿಲ್ಲ, ಕೂತಷ್ಟು ಹೊತ್ತಾದರೂ ಸುಖವಾಗಿ ಕೂರುವುದು ಬೇಡವೇ? ಎಡಗಡೆ ಇನ್ನೊಂದು ಸುತ್ತು ತೆಗೆದರೆ ಇನ್ನೂ ಹಿತ ಅನಿಸಿತು. ತೆಗೆದ. ಇನ್ನೊಂದು ಚೂರು. ಕೊನೆಗೆ ಅಮ್ಮನ ಮಡಿಲಿನ ಹಾಗೆ ಸೀಟು ಅವನನ್ನು ಒಳಗೆ ಎಳೆದುಕೊಂಡಿತು. ಇಷ್ಟು ಒಳ್ಳೆಯ ಕೆಲಸ ತನ್ನ ಕೈಯಿಂದ ಹಿಂದೆ ಬಂದಿರಲಿಲ್ಲ ಎಂದು ಅವನಿಗೆ ಗೊತ್ತಾಯಿತು. ಯಾರಿಗೆ ಮಾಡಿದ ಕೆಲಸ ಎಂಬ ಪ್ರಶ್ನೆ ಮನಸ್ಸಿನ ಬಾಗಿಲ ತನಕ ಬಂದಿತ್ತು. ಒಳಗೆ ಕರೆಯಲಿಲ್ಲ. ಕಪ್ಪು ರೆಕ್ಸಿನ್ ಎಳೆದು, ಕೆಂಪು ದಾರದ ಹೊಲಿಗೆ ಹಾಕಿ ಮುಚ್ಚಿಬಿಟ್ಟ.

ಭಾನುವಾರ ಷಡ್ಡಕ ಆಫೀಸಿನವರ ಜೊತೆ ದೂರದ ಊರಿಗೆ ಹೋಗಿ ಬರುವ ಅಭ್ಯಾಸದ ಸವಾರಿ ಮಾಡಿದ. ಸೋಮವಾರ ಗಾಡಿಯನ್ನು ಯಾರ ಕೈಯಲ್ಲೋ ಅಂಗಡಿಗೆ ಕಳಿಸಿದ, ಬಂದರಿಗೆ ಸಾಗಿಸುವ ಲಾರಿ ಶನಿವಾರ ಅಲ್ಲಿಂದಲೇ ಒಯ್ಯಲಿ ಎಂದು. ಬುಧವಾರ ಸಂಜೆ ಹೆಂಡತಿ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಭಾವ ಹೋಗಲ್ವಂತೆ."

"ಎಲ್ಲಿಗೆ?"

"ಎಲ್ಲಿಗೆ ಅಂತೆ! ಯುರೋಪಿಗೆ. ಭಾನುವಾರ ಹೋಗಿ ಬಂದೋರು ಸೊಂಟ ಹಿಡ್ಕೊಂಡು ಗೋಡೆ ಹಿಡ್ಕೊಂಡು ಓಡಾಡ್ತಿದಾರಂತೆ. ಜೊತೆಗಿದ್ದ ಇಬ್ಬರಿಗೂ ಏನೂ ಆಗಿಲ್ಲ. 'ಸೀಟು ದಿಂಬು ಮಾಡಿದ್ದು, ಅದರಲ್ಲಿ ತಪ್ಪಿರಲ್ಲ, ನನ್ನ ಮೈಯೇ ಇದಕ್ಕೆ ಆಗಿಬರಲ್ಲ,' ಅಂದ್ರಂತೆ ಅಕ್ಕನ ಹತ್ರ. ನಾಳಿದ್ದು ಲಾರಿ ಬೇಡ ಅಂತ ಹೇಳ್ತಾರಂತೆ."

ದಿಂಬುವಿನ ಎದೆಯಲ್ಲಿ ಯಾರೋ ಪಟಾಕಿ ಹಚ್ಚಿದರು. ಮೊದಲನೆಯದು ಖುಷಿಯದು. ಹೋಗಲ್ಲ! ಖಂಡಕ್ಕೆ ಖಂಡ ತಟ್ಟೆಯ ಅಂಚಿನಲ್ಲಿ ಹಾಗೇ ಉಳಿಯಿತು. ತಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಎರಡನೆಯದು ಸ್ವಲ್ಪ ತಡವಾಗಿ ಸಿಡಿಯಿತು: ಸೀಟು ದಿಂಬು ಮಾಡಿದ್ದು, ಅದರಲ್ಲಿ ತಪ್ಪಿರಲ್ಲ.

"ಪಾಪ," ಅಂದ.

"ಆ ಪಾಪಾನ ಕನ್ನಡಿ ಮುಂದೆ ನಿಂತು ಇನ್ನೊಂದು ಸಲ ಹೇಳು," ಅಂದಳು ಹೆಂಡತಿ. "ಹಲ್ಲು ಕಾಣಿಸ್ತಿದೆ."

*

ಮಾರನೆಯ ಬೆಳಗ್ಗೆ ದಿಂಬು ಅಂಗಡಿಗೆ ಹೋದಾಗ ಯಜಮಾನರು ಷಡ್ಡಕನ ಗಾಡಿಯ ಮೇಲೆ ಕೂತಿದ್ದರು. ವಯಸ್ಸಾದ ಮನುಷ್ಯ, ಬೈಕು ಬಿಟ್ಟು ಎಷ್ಟೋ ಕಾಲವಾಗಿತ್ತು. ಕಾಫಿಯ ಲೋಟ ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು.

"ಲೋ ದಿಂಬು, ಎಂಥಾ ಸೀಟು ಮಾಡಿದ್ದೀಯೋ! ಹತ್ತಿದೋನಿಗೆ ಇಳಿಯೋಕೆ ಮನಸ್ಸಾಗ್ತಿಲ್ಲ. ನಂಗೋಸ್ಕರಾನೇ ಕೊಯ್ದ ಹಾಗಿದೆ."

ಹೊಗಳಿಕೆಗೆ ದಿಂಬು ಹಿಗ್ಗಿದ. ಹಿಗ್ಗು ಪೂರ್ತಿಯಾಗುವ ಮುಂಚೆ ಯಜಮಾನರು ಕಣ್ಣು ತೆರೆದರು. ಪೃಷ್ಠವನ್ನು ಅತ್ತ ಇತ್ತ ಸರಿಸಿ ನೋಡಿದರು. ಇಳಿದರು. ಅಂಗೈ ಚಪ್ಪಟೆ ಮಾಡಿ ಸೀಟಿನ ಮೇಲೆ ಎಡದಿಂದ ಬಲಕ್ಕೆ ಸವರಿದರು.

"ನಿಮ್ಮ ಷಡ್ಡಕರು ಎಲ್ಲಿ ಕೆಲಸ ಮಾಡೋದು?"

"ವಿಮಾ ಆಫೀಸಲ್ಲಿ."

"ಕುರ್ಚಿ ಮೇಲೆ ನೆಟ್ಟಗೆ ಕೂರ್ತಾರೆ. ಅವರೇನು ಮೆಷಿನ್ ತುಳೀತಾರಾ?"

ದಿಂಬುವಿನ ಕಣ್ಣು ತನ್ನ ಮೆಷಿನ್ನಿನ ಪೆಡಲಿನ ಕಡೆ ಹೋಯಿತು.

ಹೊಲಿಗೆ ಮೆಷಿನ್ನಿನ ಮುಂದೆ ವರ್ಷಗಟ್ಟಲೆ ಕೂತು ಬಲಗಾಲಿನಿಂದ ಪೆಡಲು ಒತ್ತುವವನ ಭಾರವೆಲ್ಲ ಎಡಗಡೆಗೆ ಬೀಳುತ್ತದೆ. ನಿಂತಾಗ ಕಾಣುವುದಿಲ್ಲ, ಕೂತಾಗ ಕಾಣುತ್ತದೆ. ಕುಟುಂಬದ ಫೋಟೋಗಳಲ್ಲೆಲ್ಲ ದಿಂಬು ಎಡಕ್ಕೆ ವಾಲಿಯೇ ಇರುತ್ತಿದ್ದ. ಷಡ್ಡಕನ ಪಕ್ಕ ಕೂರಲಾಗದೆ ಹಾಗೆ ವಾಲುತ್ತಾನೆಂದು ಅತ್ತೆಗೆ ಗುಮಾನಿಯಿತ್ತು. ಈ ಸೀಟು ಇಡೀ ಊರಿನಲ್ಲಿ ಇಬ್ಬರಿಗೆ ಮಾತ್ರ ಸುಖ, ಇಬ್ಬರೂ ಮೆಷಿನ್ ತುಳಿದವರು, ಇಬ್ಬರೂ ಈ ಕೋಣೆಯಲ್ಲೇ ಇದ್ದರು. ನೆಟ್ಟಗೆ ಕೂರುವವನನ್ನು ಅದು ದಿನವಿಡೀ ಒಂದು ಪಕ್ಕಕ್ಕೆ ಉರುಳಿಸುತ್ತಿರುತ್ತದೆ.

"ಯಾರ ಅಂಡಿಗೆ ಕೊಯ್ದೆಯೋ?" ಅಂದರು ಯಜಮಾನರು, ಬೈಯುವ ದನಿಯಲ್ಲಲ್ಲ. ಲೋಟ ಎತ್ತಿಕೊಂಡು ಮುಂದಿನ ಕೋಣೆಗೆ ಹೋದರು.

ದಿಂಬು ಮೆಷಿನ್ನಿಗೆ ದಾರ ಏರಿಸಿದ. ಯಾರದೋ ಸ್ಕೂಟರಿನ ಕವರು ಹೊಲಿಯಬೇಕಿತ್ತು. ನಾಳೆ ಸಂಜೆಯ ತನಕ ಹೀಗೇ ತಲೆ ತಗ್ಗಿಸಿ ಹೊಲಿದರೆ ಆಯಿತು, ಲಾರಿ ಬರುವುದಿಲ್ಲ. ಷಡ್ಡಕ ಮನೆಯಲ್ಲಿರುತ್ತಾನೆ. ಯುರೋಪು ಮಡಿಯಾಗಿ ಉಳಿಯುತ್ತದೆ. ಆದರೆ ಷಡ್ಡಕ ಇನ್ನು ಜೀವನಪೂರ್ತಿ ಅತ್ತೆಯ ಮನೆಯಲ್ಲಿ, "ದಿಂಬು ಎಂಥಾ ಸೀಟು ಮಾಡ್ಕೊಟ್ಟಿದ್ದ, ನನ್ನ ಮೈಗೇ ಯೋಗ್ಯತೆ ಇರಲಿಲ್ಲ," ಎನ್ನುತ್ತಾನೆ. ಕೈಯಿರುವ ಕುರ್ಚಿಯಿಂದ ಹೇಳುತ್ತಾನೆ. ಆ ಹೊಗಳಿಕೆ ಕೇಳಿಸಿಕೊಂಡು ತುತ್ತು ನುಂಗಬೇಕು. ಹೊಟ್ಟೆಕಿಚ್ಚಿನವನಿಗೂ ಒಂದು ಮರ್ಯಾದೆ ಇರುತ್ತದಲ್ಲ. ಹಾಳಾಗಲಿ, ತಾನು ಮಾಡಿದ ಕೆಟ್ಟ ಸೀಟೊಂದು ಒಳ್ಳೆಯದೆಂದು ಹೆಸರು ಪಡೆಯುವುದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

ಫೋನು ಮಾಡಿದ. "ಅಣ್ಣಾ, ಆಫೀಸಿಗೆ ರಜಾ ಹಾಕಿ ಬನ್ನಿ. ಆ ಸೀಟು ನಂಗೆ ಸರಿಯಾಗಿದೆ, ನಿಮಗಲ್ಲ. ನಿಮ್ಮ ಸೊಂಟದ್ದೇನೂ ತಪ್ಪಿಲ್ಲ."

"ನಿಜವಾಗ್ಲೂ?" ಎಂಬ ದನಿ ಬಂದಾಗ ಅದರಲ್ಲಿ ಅಧಿಕಾರಿ ಇರಲಿಲ್ಲ.

*

ಈ ಸಲ ಷಡ್ಡಕನ ಫೋನನ್ನು ಯಜಮಾನರು ಇಸಕೊಂಡು ಗಲ್ಲಾಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದರು. ಹಳೆಯ ಫೋಮನ್ನು ಇಡಿಯಾಗಿ ಎಬ್ಬಿಸಿ ಮೂಲೆಗಿಟ್ಟು, ದಿಂಬು ಹೊಸದನ್ನು ಏರಿಸಿದ. ಷಡ್ಡಕ ಕೂತ. ಸೂಪರ್ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಸಿಲು ಬಾಗಿಲಿಂದ ಒಳಬಂದು, ರೆಕ್ಸಿನ್ ಸುರುಳಿಗಳ ಮೇಲೆ ಹತ್ತಿ, ಇಳಿಯಿತು.

"ದಿಂಬು, ಒಂದು ಮಾತು ಹೇಳ್ಲಾ?" ಅಂದ ಷಡ್ಡಕ, ಕೂತು ಕೂತು ಮುಖ ಹುಳ್ಳಗಾಗಿತ್ತು. "ನಂಗೆ ಈ ಯುರೋಪಿನ ಹುಚ್ಚು ಎಲ್ಲಿತ್ತು? ಅತ್ತೆ ಮನೇಲಿ ನೀನು ಬಾಯಿ ಬಿಟ್ರೆ ಸಾಕು, ಆ ಗಂಡ ಹೆಂಡ್ತಿ ಹೀಗಂದ್ರು, ಈ ಬ್ಯಾಂಕಿನೋರು ಹಾಗಂದ್ರು ಅಂತ. ಎಲ್ಲರೂ ಕೈ ಒಣಗಿದ್ರೂ ತೊಳೆಯೋಕೆ ಏಳಲ್ಲ. ನನ್ನ ಹೆಂಡತಿ ಸಮೇತ! ನಾನು ಪಾಲಿಸಿ ವಿಷಯ ಎತ್ತಿದ್ರೆ ಅತ್ತೆಗೆ ಒಲೆ ಮೇಲೆ ಏನೋ ಇಟ್ಟಿದ್ದು ನೆನಪಾಗುತ್ತೆ. ಒಂದು ಸಲ ನಾನೂ ಏನಾದ್ರೂ ಹೇಳಬೇಕು ಅಂತ ಹೊರಟೆ ಕಣೋ. ಅಷ್ಟೇ."

ದಿಂಬುವಿನ ಕೈಯಲ್ಲಿದ್ದ ಸುಣ್ಣದ ಕಡ್ಡಿ ನಿಂತಿತು. ಷಡ್ಡಕನಿಗೆ! ತನ್ನ ಮೇಲೆ! ಹೊಟ್ಟೆಕಿಚ್ಚು! ಇಷ್ಟು ವರ್ಷದಲ್ಲಿ ಅತ್ತೆಯ ಮನೆಯಿಂದ ಅವನಿಗೆ ಸಿಕ್ಕ ಮೊದಲ ಸನ್ಮಾನ ಅದು. ಶಾಲೂ ಇಲ್ಲ, ಹಾರವೂ ಇಲ್ಲ, ಆದರೂ ಭುಜ ಬೆಚ್ಚಗಾಯಿತು. ಪಾಪ ಅನಿಸಿತು, ಈ ಸಲ ಹಲ್ಲು ಕಾಣದ ಹಾಗೆ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ: ಹಾಗಾದರೆ ಇವನು ಹೋಗಿ ಬಂದ ಮೇಲೆ ತನ್ನ ಮಾತು ಯಾರು ಕೇಳುತ್ತಾರೆ?

"ಅಯ್ಯೋ, ಬಲಗಡೆ... ಅಮ್ಮಾ! ಯಾವ ಮನೆಹಾಳ ಕಂಡುಹಿಡಿದನೋ ಈ ಸೀಟನ್ನ! ನಿನ್ನ ಮುಖ ಮುಚ್ಚ, ಇಳಿಸೋ ನನ್ನ!"

"ಹಾಂ," ಅಂದರು ಯಜಮಾನರು ಮುಂದಿನ ಕೋಣೆಯಿಂದ. "ಈಗ ಚಾಕು ತಗೋ."

ಶನಿವಾರ ಲಾರಿ ಬಂತು, ಗಾಡಿ ಹೋಯಿತು.

*

ಜೂನ್ ಕೊನೆಯಲ್ಲಿ ಫೋಟೋಗಳು ಬರತೊಡಗಿದವು. ಕುಟುಂಬದ ಗುಂಪಿನಲ್ಲಿ ಎಲ್ಲರೂ ಬೆಟ್ಟ ನೋಡಿದರು, ಹಿಮ ನೋಡಿದರು. ಅತ್ತೆ ಪ್ರತಿಯೊಂದಕ್ಕೂ ಕೈಮುಗಿಯುವ ಚಿತ್ರ ಒತ್ತಿದರು. ದಿಂಬು ಮಾತ್ರ ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಸೀಟು ನೋಡಿದ. ಮಳೆಯಲ್ಲಿ ನೆನೆದಿತ್ತು, ಮೇಲೆ ಹಾಕಲೆಂದು ಹೊಲಿದು ಕೊಟ್ಟ ಕವರು ಹಾಕಿರಲಿಲ್ಲ. ಆದರೆ ಷಡ್ಡಕ ನೆಟ್ಟಗೆ ಕೂತಿದ್ದ, ಆರಾಮವಾಗಿ, ಹುಟ್ಟಿದ್ದೇ ಅದರ ಮೇಲೆ ಅನ್ನುವ ಹಾಗೆ. ಕೆಲಸ ಚೆನ್ನಾಗಿ ಬಂದಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

"ಇವತ್ತು ಎಷ್ಟನೇ ಸಲ ನೋಡ್ತಿದ್ದೀಯಾ?" ಅಂದಳು ಹೆಂಡತಿ.

"ಹೊಲಿಗೆ ಬಿಟ್ಟಿದೆಯಾ ಅಂತ ನೋಡ್ತಿದೀನಿ."

"ಹೊಲಿಗೆ ಬಿಟ್ಟಿರೋದು ಅಲ್ಲಿ ಅಲ್ಲ ಬಿಡು."

ಅಂಗಡಿಯಲ್ಲಿ ಕೆಲಸ ಸ್ವಲ್ಪ ಇಳಿಮುಖವಾಗಿತ್ತು. ಮೂಲೆಗಿಟ್ಟಿದ್ದ ಆ ಎಡವಾಲಿದ ಫೋಮಿಗೆ ದಿಂಬು ಉಳಿಕೆ ರೆಕ್ಸಿನ್ ಹೊದಿಸಿ, ಮೆಷಿನ್ನಿನ ಮುಂದಿನ ತನ್ನ ಸ್ಟೂಲಿಗೆ ಬಡಿದುಕೊಂಡಿದ್ದ. ದಿನಕ್ಕೊಂದು ಸಲ ಯಜಮಾನರು ಏನಾದರೂ ನೆಪ ಹೇಳಿ ಅವನನ್ನು ಎಬ್ಬಿಸಿ ತಾವು ಸ್ವಲ್ಪ ಹೊತ್ತು ಕೂರುತ್ತಿದ್ದರು.

ಒಂದು ಮಧ್ಯಾಹ್ನ ಅದರ ಮೇಲೆ ಕೂತು ಹೊಲಿಯುತ್ತಿದ್ದಾಗ ಫೋನು ಹೊಡೆದುಕೊಂಡಿತು. ಗಾಳಿಯ ಸದ್ದು, ಅದರೊಳಗೆ ಷಡ್ಡಕ.

"ದಿಂಬು! ಕೇಳಿಸ್ತಿದೆಯಾ? ಆ ಇಬ್ಬರೂ ಮುಂದೆ ಹೋಗಿಬಿಟ್ರು, ನಾನು ಒಬ್ಬನೇ ಇದೀನಿ. ಇಲ್ಲಿ ದಾರಿ ಎರಡಾಗುತ್ತೆ. ನಿನ್ನ ಮ್ಯಾಪಲ್ಲಿ ಬಲಕ್ಕೆ ಅಂತಿದೆ. ಆದ್ರೆ ಎಡಗಡೆದು ನೋಡೋಕೆ ಎಷ್ಟು ಚೆನ್ನಾಗಿದೆ ಗೊತ್ತಾ, ಸಣ್ಣ ರಸ್ತೆ, ಮೇಲಕ್ಕೆ ಹೋಗುತ್ತೆ. ಯಾರೂ ಇಲ್ಲ. ಎಡಕ್ಕೇನಿದೆ?"

ದಿಂಬು ತಲೆಯೆತ್ತಿದ. ಎದುರಿಗೆ ಮ್ಯಾಪು, ಅದರ ಮೇಲೆ ಕವಲು, ಬಲಕ್ಕೆ ಒತ್ತಿದ ಕೆಂಪು ದಾರ. ಎಡಗಡೆ, ಹಳೆಯ ಪಿನ್ನು ಬಿಟ್ಟುಹೋದ ಎರಡು ಚುಕ್ಕೆ. ಸೀಟು ಕೊಟ್ಟಾಗಿತ್ತು. ಸಲಹೆ ಕೊಟ್ಟಾಗಿತ್ತು. ಘಾಟಿಗಳು, ಊರುಗಳು, ಭಾನುವಾರ ಮುಚ್ಚುವ ಅಂಗಡಿಗಳು ಎಲ್ಲ ಎಂಜಲಾಗಿದ್ದವು. ಹೇಳಿಬಿಡು ಎಂದು ಅವನ ಹಳೇ ರೋಗ ನಾಲಿಗೆಯ ತುದಿಗೆ ಬಂದು ಕುಣಿಯಿತು. ಬೆಂಚಿದೆ ಅಣ್ಣ, ಎರಡು ಸರೋವರ...

"ಎಡಕ್ಕೆ ಏನಿಲ್ಲಣ್ಣ," ಅಂದ. "ಸ್ವಲ್ಪ ಮೇಲೆ ಹೋದ್ರೆ ದಾರಿ ಮುಗೀತು. ನೀವು ಬಲಕ್ಕೆ ಹೋಗಿ, ಬೆಳಕಿರೋವಾಗ್ಲೇ ಒಳ್ಳೇ ಊರು ಸಿಗುತ್ತೆ."

"ಹೌದಾ? ಸರಿ ಹಾಗಾದ್ರೆ. ನೀನು ಹೇಳಿದ ಮೇಲೆ ಮುಗೀತು. ಸೀಟು ಮಾತ್ರ ಚಿನ್ನ ಕಣೋ!"

ಎಂಜಿನ್ನಿನ ಸದ್ದು ಎದ್ದಿತು, ಗೇರು ಬಿತ್ತು, ಬಲಕ್ಕೆ ಹೊರಟಿತು. ಬಲಕ್ಕೇ ಎಂದು ದಿಂಬುವಿಗೆ ಹೇಗೆ ಗೊತ್ತಾಯಿತೋ, ಫೋನು ಕಿವಿಯಿಂದ ತೆಗೆಯದೆ ಸದ್ದು ಪೂರ್ತಿ ಕರಗುವ ತನಕ ಕೇಳಿದ.

ಆಮೇಲೆ ಎದ್ದು ಗೋಡೆಯ ಹತ್ತಿರ ಹೋದ. ಉಗುರಿನಿಂದ ಪಿನ್ನು ಎಬ್ಬಿಸಿ, ದಾರವನ್ನು ಬಲದಿಂದ ಬಿಡಿಸಿ, ಎಡಕ್ಕೆ ತಂದು, ಬೆಂಚಿನ ತನಕ ಎಳೆದು ಸ್ಟೇಪ್ಲರು ಒತ್ತಿದ. ಟಪ್ ಎಂದಿತು.

"ಏನೋ ಅದು?" ಎಂದು ಯಜಮಾನರು ಮುಂದಿನ ಕೋಣೆಯಿಂದ ಕೇಳಿದರು.

"ಏನಿಲ್ಲ, ದಾರ ಸಡಿಲ ಆಗಿತ್ತು," ಅಂದ ದಿಂಬು. ತನ್ನ ಸೀಟಿನ ಮೇಲೆ ಎಡಕ್ಕೆ ವಾಲಿ ಕೂತು, ಪೆಡಲು ಒತ್ತಿದ.